ಆ ರಾತ್ರಿ ಅವಳು ಎಲ್ಲಿಗೆ ಹೋದಳು?



ಸಿನಿಮಾ ಈಗ ಟಾಕೀಸು ಬಿಟ್ಟು ನಮ್ಮ ಅಂಗೈಗೆ ಬಂದಿದೆ. ಎಲ್ಲರಿಗೂ ಬಡಿಸಿ, ಮುಸುರೆ ತಿಕ್ಕಿ, ನಾಳೆಗೆ ಹಿಟ್ಟು ರುಬ್ಬಿಟ್ಟ ಮೇಲೆ ಮಗನ ಮೊಬೈಲಿನಲ್ಲೋ ಮಗಳ ಮೊಬೈಲಿನಲ್ಲೋ ಅರ್ಧ ಗಂಟೆ ಏನಾದರೊಂದು ನೋಡುವ ಹೆಂಗಸರು ನಮ್ಮ ಸಂಘಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಇಷ್ಟು ವರ್ಷ ನಾವು ಟಿ.ವಿ. ಧಾರಾವಾಹಿಗಳನ್ನು ಬೈಯುತ್ತ ಬಂದೆವು. ಅತ್ತೆ ಎಂದರೆ ಸಂಚು ಹೂಡುವವಳು, ಸೊಸೆ ಎಂದರೆ ಕಣ್ಣೀರು ಹಾಕುವವಳು, ಗಂಡಸು ಮಾತ್ರ ಪಾಪ, ಏನೂ ತಿಳಿಯದವನು. ಹೆಣ್ಣಿಗೆ ಹೆಣ್ಣೇ ಶತ್ರು ಎಂಬ ಹಳೆಯ ಸುಳ್ಳನ್ನು ಅವು ದಿನವೂ ಊಟದ ಹೊತ್ತಿಗೆ ನಮಗೆ ಉಣಿಸುತ್ತ ಬಂದವು.

ಆದರೆ 2020ರಿಂದ ಈಚೆಗೆ ನೆಟ್‌ಫ್ಲಿಕ್ಸ್, ಪ್ರೈಮ್, ಹಾಟ್‌ಸ್ಟಾರ್, ಜೀ5 ಮುಂತಾದ ಕಡೆಗಳಲ್ಲಿ ಬೇರೆ ಬಗೆಯ ಕೆಲವು ಚಿತ್ರಗಳು ಬಂದಿವೆ. ಗಂಡನ ಹೊಡೆತ, ಅಡುಗೆಮನೆಯ ದುಡಿತ, ವರದಕ್ಷಿಣೆಯ ಬಂಗಾರ ಅವುಗಳ ವಸ್ತು. ಹೆಚ್ಚಿನವು ಹಿಂದಿಯವು, ಮಲಯಾಳದವು. ಕನ್ನಡದವು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಇವನ್ನು ನೋಡಬೇಕೇ? ನೋಡಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಚಪ್ಪಾಳೆ ತಟ್ಟಿ ಏಳುವ ಮುನ್ನ ಪ್ರತಿ ಚಿತ್ರಕ್ಕೂ ಒಂದು ಪ್ರಶ್ನೆ ಹಾಕಬೇಕು. ಅವಳು ಮನೆ ಬಿಟ್ಟು ಹೊರಟಳು, ಸರಿ. ಆ ರಾತ್ರಿ ಎಲ್ಲಿಗೆ ಹೋದಳು? ಬಾಗಿಲು ತೆರೆದವರು ಯಾರು?

ದೌರ್ಜನ್ಯಕ್ಕೆ ಒಳಗಾದ ಹೆಂಗಸರ ಜತೆ ಕೂತು ಮಾತಾಡಿದವರಿಗೆಲ್ಲ ಇದು ಗೊತ್ತು. ‘ಇಷ್ಟು ದಿನ ಯಾಕೆ ಸಹಿಸಿಕೊಂಡೆ?’ ಎಂದು ಊರೆಲ್ಲ ಅವಳನ್ನು ಕೇಳುತ್ತದೆ. ‘ಹೋಗಲು ಜಾಗ ಎಲ್ಲಿತ್ತು?’ ಎಂದು ಅವಳು ತಿರುಗಿ ಕೇಳಿದರೆ ಉತ್ತರ ಕೊಡುವವರಿಲ್ಲ.

ಒಂದೇ ಒಂದು ಏಟು

2020ರಲ್ಲಿ ಬಂದ ಹಿಂದಿ ಚಿತ್ರ ‘ಥಪ್ಪಡ್’. ನಿರ್ದೇಶಕ ಅನುಭವ್ ಸಿನ್ಹಾ. ಅಮೃತಾ ಅನುಕೂಲಸ್ಥರ ಮನೆಯ ಸೊಸೆ. ಗಂಡನ ಚಹಾ, ತಿಂಡಿ, ಅತ್ತೆಯ ಸಕ್ಕರೆ ಕಾಯಿಲೆಯ ನಿಗಾ, ಇದೇ ಅವಳ ದಿನಚರಿ. ಆಫೀಸಿನ ವಿಷಯಕ್ಕೆ ಸಿಟ್ಟಾದ ಗಂಡ ತುಂಬಿದ ಪಾರ್ಟಿಯಲ್ಲಿ ಎಲ್ಲರೆದುರು ಅವಳ ಕೆನ್ನೆಗೆ ಹೊಡೆಯುತ್ತಾನೆ. ಒಂದೇ ಏಟು. ಅವಳು ವಿಚ್ಛೇದನ ಕೇಳುತ್ತಾಳೆ. ‘ಇಷ್ಟಕ್ಕೇ?’ ಎಂದು ಚಿತ್ರದೊಳಗಿನವರೂ ಕೇಳುತ್ತಾರೆ, ನೋಡಿದ ಗಂಡಸರೂ ಕೇಳಿದರು.

ಇಷ್ಟಕ್ಕೇ ಎಂದು ಕೇಳುವವರಿಗೆ ನಮ್ಮ ರಾಜ್ಯದ ಲೆಕ್ಕ ತೋರಿಸಬೇಕು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ ನೂರಕ್ಕೆ 21ರ ಆಸುಪಾಸಿನಲ್ಲಿತ್ತು. ಇಪ್ಪತ್ತು ಮಂದಿಯ ಒಂದು ಸಂಘ ವಾರಕ್ಕೊಮ್ಮೆ ಚಾಪೆ ಹಾಸಿ ಕೂತಾಗ ಅದರಲ್ಲಿ ಎಂಟೊಂಬತ್ತು ಮಂದಿ ಈ ಲೆಕ್ಕದೊಳಗೆ ಇರಬಹುದು. ಉಳಿತಾಯದ ಲೆಕ್ಕ ನಮಗೆ ಪೈಸೆ ಸಹಿತ ಗೊತ್ತಿರುತ್ತದೆ. ಈ ಲೆಕ್ಕವನ್ನು ನಾವು ಎಂದಾದರೂ ಕೇಳಿದ್ದೇವೆಯೇ?

ಚಿತ್ರದ ಬಗ್ಗೆ ನನ್ನ ಎರಡು ತಕರಾರುಗಳಿವೆ. ಅಮೃತಾಗೆ ತವರಿದೆ, ಜತೆಗೆ ನಿಲ್ಲುವ ಒಳ್ಳೆಯ ಅಪ್ಪನಿದ್ದಾನೆ, ಓದಿದ ವಕೀಲೆ ಸಿಗುತ್ತಾಳೆ. ಅದೇ ಮನೆಯ ಕೆಲಸದಾಕೆ ಸುನೀತಾಗೆ ಇದು ಯಾವುದೂ ಇಲ್ಲ. ಅವಳು ದಿನವೂ ಗಂಡನ ಕೈಯಲ್ಲಿ ಹೊಡೆಸಿಕೊಂಡು, ಮಾರನೆಯ ದಿನ ಬಂದು ಪಾತ್ರೆ ತೊಳೆಯುತ್ತಾಳೆ. ಕೊನೆಗೊಮ್ಮೆ ತಿರುಗಿ ಹೊಡೆಯುತ್ತಾಳೆ. ಆಮೇಲೆ? ಆ ರಾತ್ರಿ ಅವಳು ಮಲಗಿದ್ದೆಲ್ಲಿ ಎಂಬುದನ್ನು ಚಿತ್ರ ಹೇಳುವುದಿಲ್ಲ. ನನಗೆ ಅಮೃತಾಳಿಗಿಂತ ಸುನೀತಾಳ ಚಿಂತೆಯೇ ಹೆಚ್ಚು.

ಇನ್ನೊಂದು, ಅಮೃತಾ ಜೀವನಾಂಶ ಬೇಡ ಎನ್ನುತ್ತಾಳೆ. ಅದನ್ನು ಸ್ವಾಭಿಮಾನದ ಹಾಗೆ ತೋರಿಸಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಜೀವನಾಂಶ ಭಿಕ್ಷೆಯಾದರೆ ತಾನೇ ಬೇಡ ಎನ್ನುವುದು ದೊಡ್ಡತನ? ವರ್ಷಗಟ್ಟಲೆ ಕೂಲಿ ಇಲ್ಲದೆ ದುಡಿದವಳು ತನ್ನ ಪಾಲು ಕೇಳಿದರೆ ಅವಳ ಮಾನ ಕಡಿಮೆಯಾಗುವುದಿಲ್ಲ.

ಹೊಡೆತವೇ ಇಲ್ಲದ ಹಿಂಸೆ

2021ರ ಜನವರಿಯಲ್ಲಿ ಬಂದ ಮಲಯಾಳ ಚಿತ್ರ ‘ದಿ ಗ್ರೇಟ್ ಇಂಡಿಯನ್ ಕಿಚನ್’. ನಿರ್ದೇಶಕ ಜಿಯೊ ಬೇಬಿ. ಮೊದಲಿಗೆ ಬಿಡುಗಡೆಯಾದದ್ದು ನೀಸ್ಟ್ರೀಮ್ ಎಂಬ ಸಣ್ಣ ವೇದಿಕೆಯಲ್ಲಿ. ಜನ ಮಾತಾಡಲು ಶುರು ಮಾಡಿದ ಮೇಲೆ ಅದೇ ವರ್ಷ ಪ್ರೈಮ್ ತೆಗೆದುಕೊಂಡಿತು. ಕೇರಳ ರಾಜ್ಯ ಪ್ರಶಸ್ತಿಯೂ ಬಂತು. ಮಲಯಾಳ ಬಾರದವರಿಗೂ ಈ ಚಿತ್ರ ಅರ್ಥವಾಗುತ್ತದೆ. ಮಾತು ಕಡಿಮೆ, ಕೆಲಸ ಜಾಸ್ತಿ. ಕೆಲಸದ ಭಾಷೆ ನಮಗೆಲ್ಲ ಗೊತ್ತಿರುವುದೇ.

ಹೆಚ್ಚುವುದು, ತುರಿಯುವುದು, ರುಬ್ಬುವುದು, ಬಡಿಸುವುದು, ಎಂಜಲು ಬಳಿಯುವುದು, ಒರೆಸುವುದು. ಮತ್ತೆ ಹೆಚ್ಚುವುದು. ಮಾವನಿಗೆ ಕುಕ್ಕರಿನ ಅನ್ನ ಆಗುವುದಿಲ್ಲ, ಸೌದೆ ಒಲೆಯದೇ ಬೇಕು. ಮಿಕ್ಸಿಯ ಚಟ್ನಿ ಆಗುವುದಿಲ್ಲ, ಕಲ್ಲಿನಲ್ಲಿ ಅರೆದದ್ದೇ ಬೇಕು. ಬಟ್ಟೆಯನ್ನು ಯಂತ್ರಕ್ಕೆ ಹಾಕಬಾರದು. ಇದೆಲ್ಲವನ್ನೂ ಆತ ಬಹಳ ಮೆದುವಾಗಿ, ನಗುನಗುತ್ತ ಹೇಳುತ್ತಾನೆ. ಅಗಿದುಗಿದ ಸಿಪ್ಪೆಯನ್ನು ಅಪ್ಪ ಮಗ ಇಬ್ಬರೂ ಊಟದ ಮೇಜಿನ ಮೇಲೇ ಬಿಟ್ಟು ಏಳುತ್ತಾರೆ. ಅದೇ ಎಂಜಲಿನ ನಡುವೆ ಹೆಂಗಸರ ಊಟ. ಸಿಂಕಿನ ಕೆಳಗೆ ನೀರು ಸೋರುತ್ತದೆ. ‘ಪ್ಲಂಬರನ್ನು ಕರೆಸಿ’ ಎಂದು ಅವಳು ದಿನವೂ ಹೇಳುತ್ತಾಳೆ, ಅವನು ದಿನವೂ ಮರೆಯುತ್ತಾನೆ. ಹಾಸಿಗೆಯಲ್ಲಿ ತನಗೇನು ಬೇಕೆಂದು ಅವಳು ಬಾಯಿ ಬಿಟ್ಟರೆ ಅದಕ್ಕೂ ಅವಮಾನ. ಮುಟ್ಟಾದರೆ ದೂರ ಕೂರಿಸುತ್ತಾರೆ.

ಈ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಸೀಮೆಎಣ್ಣೆ ಇಲ್ಲ, ಬೆಂಕಿ ಇಲ್ಲ. ಪೊಲೀಸರಿಗೆ ತೋರಿಸಲು ಗಾಯವೂ ಇಲ್ಲ. ಇಂಥ ಮನೆಗೆ ಹೆಣ್ಣು ಕೊಡಲು ನಾವೆಲ್ಲ ಸಾಲಿನಲ್ಲಿ ನಿಲ್ಲುತ್ತೇವೆ. ‘ಹುಡುಗ ಬೀಡಿ ಸಿಗರೇಟು ಮುಟ್ಟುವುದಿಲ್ಲ, ಮಾಸ್ತರ ಕೆಲಸ’ ಎಂದು ಹೇಳಿಕೊಳ್ಳುತ್ತೇವೆ. ಚಿತ್ರದ ಬೆಲೆ ಇರುವುದು ಇಲ್ಲಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹಿಂಸೆ ಎಂದರೆ ಮೈಮೇಲಿನ ಏಟು ಮಾತ್ರ ಎನ್ನುವುದಿಲ್ಲ. ಬೈಗುಳ, ಅವಮಾನ, ಲೈಂಗಿಕ ಹಿಂಸೆ, ಹಣಕ್ಕೆ ತಡೆ ಒಡ್ಡುವುದು, ಎಲ್ಲವನ್ನೂ ಅದು ಹಿಂಸೆ ಎಂದೇ ಕರೆಯುತ್ತದೆ. ಕಾಯ್ದೆಯ ಈ ಮಾತನ್ನು ಹತ್ತು ಸಭೆಯಲ್ಲಿ ವಿವರಿಸಿದರೂ ಮನಸ್ಸಿಗೆ ಇಳಿಯುವುದು ಕಷ್ಟ. ಈ ಒಂದು ಚಿತ್ರ ಇಳಿಸುತ್ತದೆ.

ಕೊನೆಗೆ ಅವಳು ಸಿಂಕಿನ ಮುಸುರೆ ನೀರನ್ನು ಅಪ್ಪ ಮಗನ ಮುಖಕ್ಕೆ ಎರಚಿ ಹೊರಡುತ್ತಾಳೆ. ತವರಿಗೆ ಬಂದರೆ ಅಲ್ಲೂ ಅಣ್ಣನಿಗೋ ತಮ್ಮನಿಗೋ ನೀರು ತಂದುಕೊಡಬೇಕಾದವಳು ತಂಗಿಯೇ! ಅವಳ ಸಿಟ್ಟು ಅಲ್ಲಿಯೂ ಸ್ಫೋಟಿಸುತ್ತದೆ. ಇತ್ತ ಗಂಡ ಇನ್ನೊಂದು ಮದುವೆಯಾಗುತ್ತಾನೆ. ಅದೇ ಅಡುಗೆಮನೆಗೆ ಹೊಸ ಹುಡುಗಿ. ಒಬ್ಬಳು ಬಿಡುಗಡೆಯಾದಳು, ಕೆಲಸದ ಜಾಗ ಖಾಲಿಯಾಯಿತು, ಮತ್ತೊಬ್ಬಳು ಬಂದಳು. ಇದಕ್ಕಿಂತ ನಿಜವಾದ ಮುಕ್ತಾಯವನ್ನು ನಾನು ಈಚೆಗೆ ನೋಡಿಲ್ಲ. 2025ರಲ್ಲಿ ಜೀ5ನಲ್ಲಿ ‘ಮಿಸೆಸ್’ ಎಂಬ ಹೆಸರಿನಲ್ಲಿ ಇದೇ ಕಥೆ ಹಿಂದಿಯಲ್ಲಿ ಬಂತು. ಸಾನ್ಯಾ ಮಲ್ಹೋತ್ರಾ ಚೆನ್ನಾಗಿ ಅಭಿನಯಿಸಿದ್ದಾರೆ. ಆದರೂ ಮೂಲದ ಮೊನಚು ಅದರಲ್ಲಿಲ್ಲ.

ಕುಡಿತದ ನೆಪ, ತಿರುಗೇಟಿನ ಖುಷಿ

2022ರ ಆಗಸ್ಟಿನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಡಾರ್ಲಿಂಗ್ಸ್’ ಜಸ್ಮೀತ್ ರೀನ್ ನಿರ್ದೇಶಿಸಿದ ಚಿತ್ರ. ಮುಂಬಯಿಯ ವಠಾರ. ಗಂಡ ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್. ಅನ್ನದಲ್ಲಿ ಕಲ್ಲು ಸಿಕ್ಕಿದರೆ ಹೊಡೆಯುತ್ತಾನೆ, ಬೆಳಗಾದರೆ ಮುದ್ದು ಮಾತಾಡುತ್ತಾನೆ. ಕುಡಿತ ಬಿಟ್ಟರೆ ಸರಿಹೋಗುತ್ತಾನೆ ಎಂದು ಬದ್ರು ನಂಬಿದ್ದಾಳೆ. ಪೊಲೀಸ್ ಠಾಣೆಯವರೆಗೆ ಹೋದರೂ ಅವನ ಮಾತಿಗೆ ಕರಗಿ ದೂರು ಹಿಂದೆ ತೆಗೆದುಕೊಳ್ಳುತ್ತಾಳೆ. ಅವನು ಕುಡಿತ ಬಿಡುತ್ತಾನೆ. ಹೊಡೆತ ಮಾತ್ರ ಬಿಡುವುದಿಲ್ಲ. ಹೊಟ್ಟೆಯಲ್ಲಿದ್ದ ಮಗು ಹೋಗುತ್ತದೆ.

ಇದನ್ನು ನೋಡುವಾಗ ನಮ್ಮ ರಾಜ್ಯದ ಸಾರಾಯಿ ವಿರೋಧಿ ಹೋರಾಟ ನೆನಪಾಯಿತು. ಊರೂರಿನ ಹೆಂಗಸರು ಸಾರಾಯಿ ಅಂಗಡಿಯ ಮುಂದೆ ಕೂತರು, ಬೈಗುಳ ತಿಂದರು. 2007ರ ಜುಲೈಯಿಂದ ಸಾರಾಯಿ ಮಾರಾಟ ನಿಂತಿತು. ಅದು ದೊಡ್ಡ ಗೆಲುವು. ಆದರೆ ಮನೆಯೊಳಗಿನ ಹೊಡೆತ ನಿಂತಿತೇ? ಕುಡಿದ ಗಂಡ ಸಾಹುಕಾರನಿಗೆ ಹೊಡೆಯುವುದಿಲ್ಲ, ಪೊಲೀಸಿಗೆ ಹೊಡೆಯುವುದಿಲ್ಲ. ಎಷ್ಟು ಮತ್ತಿನಲ್ಲಿದ್ದರೂ ಹೆಂಡತಿಯ ಬೆನ್ನು ಯಾವುದೆಂದು ಅವನಿಗೆ ಸರಿಯಾಗಿ ಗೊತ್ತಿರುತ್ತದೆ. ಹೊಡೆಯುವ ಅಧಿಕಾರ ತನಗಿದೆ ಎಂಬ ನಂಬಿಕೆ ಬಾಟಲಿಯಿಂದ ಬಂದದ್ದಲ್ಲ. ಅದನ್ನು ‘ಡಾರ್ಲಿಂಗ್ಸ್’ ಸ್ಪಷ್ಟವಾಗಿ ಹೇಳಿದೆ.

ಅಲ್ಲಿಂದ ಮುಂದೆ ಚಿತ್ರ ಆಟಕ್ಕೆ ಇಳಿಯುತ್ತದೆ. ಹೆಂಡತಿ ಗಂಡನನ್ನೇ ಕಟ್ಟಿಹಾಕುತ್ತಾಳೆ. ಕೊನೆಗೆ ರೈಲು ಬಂದು ಸಮಸ್ಯೆ ಬಗೆಹರಿಸುತ್ತದೆ. 2022ರದ್ದೇ ಮಲಯಾಳದ ‘ಜಯ ಜಯ ಜಯ ಜಯ ಹೇ’ಯಲ್ಲೂ ತವರಿನವರು ‘ಹೊಂದಿಕೊಂಡು ಹೋಗು’ ಎಂದಾಗ ಜಯಾ ಮೊಬೈಲ್ ನೋಡಿ ಕರಾಟೆ ಕಲಿತು ಗಂಡನನ್ನು ಹೊಡೆದು ಕೆಡವುತ್ತಾಳೆ. ನೋಡಲು ಖುಷಿ. ನಮ್ಮ ಹುಡುಗಿಯರು ಶಿಳ್ಳೆ ಹಾಕಿದರೆ ನಾನೂ ಹಾಕುತ್ತೇನೆ. ಆದರೆ ರೈಲನ್ನು ನಂಬಿ ಯಾರೂ ಬಾಳುವೆ ಮಾಡಲಾಗದು. ಗಂಡನನ್ನು ಕಟ್ಟಿಹಾಕಿದವಳು ನಮ್ಮಲ್ಲಿ ಜೈಲಿಗೆ ಹೋಗುತ್ತಾಳೆ.

‘ಡಾರ್ಲಿಂಗ್ಸ್’ನಲ್ಲಿ ನನ್ನನ್ನು ಬಹಳ ಕಾಡಿದ್ದು ಬೇರೆಯೇ. ವಠಾರದ ಜನಕ್ಕೆಲ್ಲ ಅವಳ ಕೂಗು ಕೇಳಿಸುತ್ತದೆ. ಕೆಳಗಿನ ಬ್ಯೂಟಿ ಪಾರ್ಲರಿಗೂ ಕೇಳಿಸುತ್ತದೆ. ಎಲ್ಲರೂ ತಮ್ಮ ತಮ್ಮ ಕೆಲಸ ಮುಂದುವರಿಸುತ್ತಾರೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ನಮ್ಮಲ್ಲಿ ಹೇಳುವವರು ಸಾಮಾನ್ಯವಾಗಿ ಪಕ್ಕದ ಮನೆಯವರೇ.

25 ಪವನಿನ ಲೆಕ್ಕ

ವರದಕ್ಷಿಣೆಯ ಬಗ್ಗೆ ಬಂದ ಚಿತ್ರಗಳಲ್ಲಿ ನಮ್ಮ ಸಂಘದವರು ನೋಡಲೇಬೇಕಾದದ್ದು 2025ರ ಮಲಯಾಳ ಚಿತ್ರ ‘ಪೊನ್‌ಮ್ಯಾನ್’. ಪೊನ್ನು ಎಂದರೆ ಹೊನ್ನು. ಕೊಲ್ಲಂ ಕಡೆಯ ಕಥೆ. ಸ್ಟೆಫಿ ಎಂಬ ಹುಡುಗಿಗೆ ಗಂಡಿನ ಕಡೆಯವರು ಕೇಳಿದ್ದು 25 ಪವನು ಬಂಗಾರ. ಪವನಿಗೆ 8 ಗ್ರಾಂ, ಅಂದರೆ 200 ಗ್ರಾಂ. ಮನೆಯಲ್ಲಿ ಕಾಸಿಲ್ಲ. ಆಗ ಅಜೇಶ ಎಂಬ ಏಜೆಂಟ್ ಬರುತ್ತಾನೆ. ಮದುವೆಯ ದಿನ ಬಂಗಾರ ಸಾಲವಾಗಿ ಕೊಡುತ್ತಾನೆ. ಅಂದು ಬಂದ ಮುಯ್ಯಿ ಹಣದಲ್ಲಿ ಅವನ ಸಾಲ ತೀರಿಸಬೇಕು. ಮುಯ್ಯಿ ಸಾಕಾಗುವುದಿಲ್ಲ. ಬಂಗಾರ ಹುಡುಗಿಯ ಕೊರಳಲ್ಲಿ ಗಂಡನ ಮನೆಗೆ ಹೋಗುತ್ತದೆ. ಸಾಲಗಾರ ಅದರ ಹಿಂದೆಯೇ ಹೋಗುತ್ತಾನೆ.

ಈ ಚಿತ್ರ ಭಾಷಣ ಮಾಡುವುದಿಲ್ಲ, ಲೆಕ್ಕ ತೋರಿಸುತ್ತದೆ. ಬಂಗಾರ ಎಲ್ಲಿಂದ ಬಂತು, ಯಾರ ಹೆಸರಿನ ಸಾಲ, ಯಾರ ಕೊರಳು, ಕೊನೆಗೆ ಯಾರ ಬೀರು. ಈ ಸುತ್ತಿನಲ್ಲಿ ಹುಡುಗಿಯ ಇಷ್ಟ ಕೇಳಿದವರು ಯಾರೂ ಇಲ್ಲ. ಅವಳು ಬಂಗಾರ ಹೊರುವ ಗೂಟ.

ಇದು ಕೇರಳದ ಕಥೆ ಎಂದು ಕೈ ಕೊಡವಬೇಡಿ. ನಮ್ಮಲ್ಲಿ ವರದಕ್ಷಿಣೆ ಎನ್ನಲು ನಾಚಿಕೆ, ‘ವರೋಪಚಾರ’ ಎಂದರೆ ಗೌರವ. ‘ನಾವು ಏನೂ ಕೇಳಿಲ್ಲ, ಅವರೇ ಮಗಳಿಗೆ ಖುಷಿಯಿಂದ ಹಾಕಿದ್ದು’ ಎಂಬ ಮಾತು ಯಾವ ಮದುವೆಯಲ್ಲಿ ಕೇಳಿಲ್ಲ? ಇನ್ನು ನಮ್ಮ ಸಂಘದ ಪುಸ್ತಕವನ್ನೇ ತೆರೆದು ನೋಡೋಣ. ‘ಸಾಲದ ಉದ್ದೇಶ’ ಎಂಬ ಕಲಮಿನಲ್ಲಿ ಹೈನುಗಾರಿಕೆ ಎಂದು ಬರೆದಿರುತ್ತದೆ. ಎಮ್ಮೆ ಕೊಟ್ಟಿಗೆಗೆ ಬಂದಿರುವುದಿಲ್ಲ. ಅಳಿಯನ ಮನೆ ಮುಂದೆ ಬೈಕು ನಿಂತಿರುತ್ತದೆ. ಅವ್ವ ಮೂರು ವರ್ಷ ಕೂಲಿ ಮಾಡಿ ಕಂತು ಕಟ್ಟುತ್ತಾಳೆ. ಅಂದ ಮೇಲೆ ಅಜೇಶನ ಕೆಲಸವನ್ನು ನಮ್ಮೂರಲ್ಲಿ ಮಾಡುತ್ತಿರುವವರು ಯಾರು? ಸಾಲ ಕೊಟ್ಟ ನಾವೇ ಅಲ್ಲವೇ?

ಓದಿದರೆ, ನೌಕರಿ ಸಿಕ್ಕಿದರೆ ವರದಕ್ಷಿಣೆ ತಾನಾಗಿ ಹೋಗುತ್ತದೆ ಎಂದು ನಂಬಿದವರಿಗೆ ಪ್ರೈಮ್‌ನ ‘ಮೇಡ್ ಇನ್ ಹೆವನ್’ ಸರಣಿಯ 2019ರ ಮೊದಲ ಭಾಗದ ಒಂದು ಕಂತು ಉತ್ತರ ಕೊಡುತ್ತದೆ. ಮದುಮಗಳು ಐ.ಎ.ಎಸ್. ಅಧಿಕಾರಿ. ತಾನು ಮೆಚ್ಚಿದ ಹುಡುಗನ ಜತೆ ಮದುವೆ. ಗಂಡಿನ ಕಡೆಯವರು ಅವಳ ಅಪ್ಪನ ಹತ್ತಿರ ಗುಟ್ಟಾಗಿ ಹಣ ಕೇಳಿದ್ದಾರೆ, ಹುಡುಗನಿಗೂ ಅದು ಗೊತ್ತು. ತಿಳಿದ ಕೂಡಲೇ ಅವಳು ಮದುವೆ ಮಂಟಪದಿಂದ ಎದ್ದು ಹೋಗುತ್ತಾಳೆ. ನೌಕರಿ ವರದಕ್ಷಿಣೆಯನ್ನು ತಪ್ಪಿಸಲಿಲ್ಲ. ಎದ್ದು ಹೋಗುವ ಧೈರ್ಯ ಮಾತ್ರ ಕೊಟ್ಟಿತು. ಅದೂ ಸಣ್ಣದಲ್ಲ.

1961ರ ವರದಕ್ಷಿಣೆ ನಿಷೇಧ ಕಾಯ್ದೆ ಬಂದು ಅರುವತ್ತು ವರ್ಷ ದಾಟಿದೆ. 2022ರಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವಿನ ಪ್ರಕರಣಗಳು 6,400ಕ್ಕೂ ಹೆಚ್ಚು. ದಿನಕ್ಕೆ ಹದಿನೇಳಕ್ಕಿಂತ ಜಾಸ್ತಿ. ಇವೆಲ್ಲ ಯಾವುದೋ ಮದುವೆಯಲ್ಲಿ ‘ಖುಷಿಯಿಂದ ಹಾಕಿದ’ ಬಂಗಾರದಿಂದಲೇ ಶುರುವಾದವು.

ರೈಲ್ವೆ ನಿಲ್ದಾಣದ ಮಂಜು ಮಾಯಿ

ನನ್ನ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು ಕಿರಣ್ ರಾವ್ ಅವರ ‘ಲಾಪತಾ ಲೇಡೀಸ್’ ಚಿತ್ರದಲ್ಲಿ. 2024ರಲ್ಲಿ ಟಾಕೀಸಿಗೂ ಆಮೇಲೆ ನೆಟ್‌ಫ್ಲಿಕ್ಸ್‌ಗೂ ಬಂತು. ಕಥೆ ನಡೆಯುವುದು 2001ರಲ್ಲಿ. ಮುಖ ಮುಚ್ಚುವ ಸೆರಗಿನಿಂದಾಗಿ ರೈಲಿನಲ್ಲಿ ಇಬ್ಬರು ಮದುಮಗಳಂದಿರು ಅದಲುಬದಲಾಗುತ್ತಾರೆ. ಅವರಲ್ಲಿ ಫೂಲ್ ಎಂಬ ಹುಡುಗಿ ಯಾವುದೋ ನಿಲ್ದಾಣದಲ್ಲಿ ಒಂಟಿಯಾಗಿ ಉಳಿಯುತ್ತಾಳೆ. ಗಂಡನ ಊರಿನ ಹೆಸರು ಕೂಡ ಅವಳಿಗೆ ಗೊತ್ತಿಲ್ಲ.

ಆ ರಾತ್ರಿ ಅವಳಿಗೆ ನೆಲೆ ಕೊಡುವುದು ಅಪ್ಪನೂ ಅಲ್ಲ, ವಕೀಲನೂ ಅಲ್ಲ. ಪ್ಲಾಟ್‌ಫಾರಂ ಮೇಲೆ ಚಹಾ ಪಕೋಡ ಮಾರುವ ಮಂಜು ಮಾಯಿ ಎಂಬ ಹೆಂಗಸು. ಹೊಡೆಯುತ್ತಿದ್ದ ಗಂಡನನ್ನೂ ಮಗನನ್ನೂ ಹೊರಗಟ್ಟಿ ಒಂಟಿಯಾಗಿ ಬದುಕುತ್ತಿರುವವಳು. ಬಾಯಿ ಒರಟು. ಆದರೆ ಹುಡುಗಿಗೆ ಮಲಗಲು ಜಾಗ ಕೊಡುತ್ತಾಳೆ, ಕೆಲಸ ಕೊಡುತ್ತಾಳೆ, ಮಾಡಿದ ಕೆಲಸಕ್ಕೆ ಕೂಲಿ ಎಣಿಸಿ ಕೈಗಿಡುತ್ತಾಳೆ. ಆ ಹುಡುಗಿ ಬದುಕಿನಲ್ಲಿ ಕಂಡ ಮೊದಲ ಸಂಪಾದನೆ ಅದು. ನಾನು ಹೇಳಿದ ಅಷ್ಟೂ ಚಿತ್ರಗಳಲ್ಲಿ ನಮ್ಮಂಥ ದುಡಿಯುವ ಹೆಂಗಸೊಬ್ಬಳು ಗುರುತಿಲ್ಲದ ಇನ್ನೊಬ್ಬಳಿಗೆ ಬಾಗಿಲು ತೆರೆದದ್ದು ಇಲ್ಲಿ ಮಾತ್ರ.

ನಮ್ಮ ಸಂಘ ಮಂಜು ಮಾಯಿ ಆಗಬಲ್ಲದೇ? ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂದು ತವರು ಬಾಗಿಲು ಹಾಕಿಕೊಂಡಾಗ ಅವಳು ಬರುವುದು ನಮ್ಮ ಹತ್ತಿರ. ಆಗ ನಾವು ಮೊದಲು ಏನು ಕೇಳುತ್ತೇವೆ? ‘ನಿನ್ನ ಕಂತು ಬಾಕಿ ಇದೆಯಲ್ಲ?’ ಎಂದೇ? ಅವಳಿಗೆ ಕಂತಿನಲ್ಲಿ ಎರಡು ತಿಂಗಳು ಬಿಡುವು ಕೊಡುವ ನಿರ್ಣಯವನ್ನು ಇಂದೇ ಬರೆದಿಡಬಹುದು. ವರೋಪಚಾರಕ್ಕೆ ಸಾಲ ಇಲ್ಲ, ಹುಡುಗಿಯ ಓದಿಗೆ ಇದೆ ಎಂದೂ ಬರೆದಿಡಬಹುದು. ಆಧಾರ್, ಪಾಸ್ ಬುಕ್, ಮಕ್ಕಳ ಶಾಲೆಯ ಕಾಗದ, ಬಂಗಾರದ ರಸೀದಿ, ಮದುವೆ ಫೋಟೋ, ಇವುಗಳ ಒಂದು ಪ್ರತಿ ನಂಬಿಕೆಯ ಸದಸ್ಯೆಯ ಮನೆಯಲ್ಲಿ ಇರಲಿ.

ಕಾನೂನೂ ನಮ್ಮ ಕೈಯಲ್ಲಿದೆ. 2005ರ ಕಾಯ್ದೆಯ ಪ್ರಕಾರ ದೌರ್ಜನ್ಯ ನಡೆದಿದೆ ಎಂದು ತಿಳಿದ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಗೆ ಆ ಕಚೇರಿ ಗೊತ್ತು. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಆ ಕಾಯ್ದೆ ಕೊಟ್ಟಿದೆ. ಮನೆ ಅತ್ತೆ ಮಾವನ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಆ ಹಕ್ಕು ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿಯ ಸಂಖ್ಯೆ 181. ಮೊದಲಿನ 498ಎ ಈಗ ಇಲ್ಲ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ, ಅಷ್ಟೇ.

ಕೂಡಿ ನೋಡೋಣ

ವೈದೇಹಿಯವರ ಕಥೆ ಆಧರಿಸಿ ಗಿರೀಶ ಕಾಸರವಳ್ಳಿಯವರು 2008ರಲ್ಲಿ ಮಾಡಿದ ‘ಗುಲಾಬಿ ಟಾಕೀಸ್’ ಕೆಲವರಿಗೆ ನೆನಪಿರಬಹುದು. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಕುಂದಾಪುರ ಕಡೆಯ ಸೂಲಗಿತ್ತಿ ಗುಲಾಬಿಗೆ ಹೆರಿಗೆ ಮಾಡಿಸಿದ್ದಕ್ಕೆ ಬಣ್ಣದ ಟಿ.ವಿ. ಉಡುಗೊರೆಯಾಗಿ ಸಿಗುತ್ತದೆ. ಊರ ಹೆಂಗಸರೆಲ್ಲ ಅವಳ ಗುಡಿಸಲಿನಲ್ಲಿ ಸೇರುತ್ತಾರೆ. ಪರದೆಯ ಕಥೆ ನೋಡುತ್ತ ನೋಡುತ್ತ ತಮ್ಮ ಕಥೆಗೆ ಬಾಯಿ ಬರುತ್ತದೆ.

ಈಗ ಪ್ರತಿಯೊಬ್ಬಳ ಕೈಯಲ್ಲೂ ಒಂದೊಂದು ಪರದೆ. ಒಬ್ಬೊಬ್ಬಳೇ ನೋಡುತ್ತೇವೆ, ಒಬ್ಬೊಬ್ಬಳೇ ಕಣ್ಣೊರೆಸಿಕೊಂಡು ಮಲಗುತ್ತೇವೆ. ಅದರಿಂದ ಏನೂ ಬದಲಾಗದು. ತಿಂಗಳಿಗೊಂದು ಸಲ ಸಂಘದ ಸಭೆ ಮುಗಿದ ಮೇಲೆ ಒಂದು ಚಿತ್ರವನ್ನು ಕೂಡಿ ನೋಡಿ. ಅರ್ಥವಾಗದ ಮಾತನ್ನು ಓದು ಬಲ್ಲ ಹುಡುಗಿಯೊಬ್ಬಳು ಹೇಳಲಿ. ಮುಗಿದ ಮೇಲೆ ನಾಯಕಿ ಚೆನ್ನಾಗಿದ್ದಳೇ ಎಂದು ಕೇಳಬೇಡಿ. ಆ ರಾತ್ರಿ ಅವಳು ಎಲ್ಲಿಗೆ ಹೋದಳು ಎಂದು ಕೇಳಿ. ನಮ್ಮೂರಲ್ಲಿ ಆಗಿದ್ದರೆ ಯಾರ ಮನೆಗೆ ಬರುತ್ತಿದ್ದಳು ಎಂದು ಕೇಳಿ. ಸುಮ್ಮನೆ ಕೂತವರತ್ತ ಗಮನವಿರಲಿ. ಒಬ್ಬಳಾದರೂ ‘ನಿಮ್ಮ ಮನೆಗೆ’ ಎಂದು ಪಕ್ಕದವಳ ಕಡೆ ತಿರುಗಿದರೆ, ಪಕ್ಕದವಳು ‘ಬಾ’ ಎನ್ನಲು ಸಿದ್ಧಳಿರಬೇಕು.